ಪ್ರತಿ ಬೇಸಿಗೆಗೂ ಎಸಿಗೆ ಗ್ಯಾಸ್ ತುಂಬಿಸಲೇಬೇಕಾ?

ಸುರತ್ಕಲ್‌ನಲ್ಲಿ ಸಮುದ್ರದ ಹತ್ತಿರ ಮನೆ, 1.5 ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, ಹಾಕಿಸಿ 3 ವರ್ಷ. ಕಳೆದ 2 ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಿದ್ದೀರಿ. ಈ ಸಲ ಮತ್ತೆ ತಂಪಿಲ್ಲ, ಜೊತೆಗೆ ಒಳಗಿನ ಯೂನಿಟ್ಟಿನಿಂದ ಗೋಡೆ ಮೇಲೆ ನೀರಿಳಿಯುತ್ತಿದೆ. ಬಂದ ಮೆಕ್ಯಾನಿಕ್ 'ಗ್ಯಾಸ್ ಖಾಲಿ, ವರ್ಷಕ್ಕೊಮ್ಮೆ ತುಂಬಿಸ್ಲೇಬೇಕು' ಅಂದಿದ್ದಾರೆ. ಅದು ಹೌದಾ ಅಂತ ಕೇಳಿದ್ದೀರಿ.

ಅಲ್ಲ. ಈ ಸಲವೂ ಸುಮ್ಮನೆ ತುಂಬಿಸಿ ಕಳಿಸಬೇಡಿ. ನಾನು ಐಟಿಐಯಲ್ಲಿ 2 ವರ್ಷ ಇದೇ ಟ್ರೇಡ್ ಓದಿ, 16 ವರ್ಷದಿಂದ ಕರಾವಳಿಯಲ್ಲೇ ಎಸಿ ಕೆಲಸ ಮಾಡುತ್ತಿದ್ದೇನೆ. ಬೇಸಿಗೆ ಶುರುವಾದರೆ ನಿಮ್ಮಂಥವರ ಫೋನು ದಿನವೂ ಬರುತ್ತದೆ.

ಗ್ಯಾಸ್ ಅಂದರೆ ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತು ಅಂತ ತುಂಬ ಜನ ತಿಳಿದಿದ್ದಾರೆ. ಎಸಿಯಲ್ಲಿ ಏನೂ ಉರಿಯುವುದಿಲ್ಲ. ಒಳಗಿನ ಕಾಯಿಲ್‌ನಲ್ಲಿ ಅದು ಕುದಿದು ಆವಿಯಾಗುವಾಗ ಕೋಣೆಯ ಶಾಖ ಹೀರುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಮತ್ತೆ ದ್ರವವಾಗುವಾಗ ಆ ಶಾಖವನ್ನು ಹೊರಗೆ ಬಿಡುತ್ತದೆ. ಅದೇ ಗ್ಯಾಸು ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ನಿಮ್ಮ ಅಡುಗೆಮನೆಯ ಫ್ರಿಜ್ ನೋಡಿ, ಅದೂ ಇದೇ ರೀತಿಯಲ್ಲೇ ಕೆಲಸ ಮಾಡುವುದು. ಅದಕ್ಕೆ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸುತ್ತೀರಾ? 15 ವರ್ಷ ಓಡಿದ ಫ್ರಿಜ್‌ನಲ್ಲೂ ಕಂಪನಿಯಲ್ಲಿ ತುಂಬಿದ ಗ್ಯಾಸೇ ಇರುತ್ತದೆ.

ಹಾಗಾದರೆ ಸ್ಪ್ಲಿಟ್ ಎಸಿಗೇ ಯಾಕೆ ಈ ತೊಂದರೆ? ಫ್ರಿಜ್‌ನ ಜೋಡಣೆಯೆಲ್ಲ ಫ್ಯಾಕ್ಟರಿಯಲ್ಲೇ ಬೆಸುಗೆ ಹಾಕಿ ಮುಗಿದಿರುತ್ತದೆ. ಸ್ಪ್ಲಿಟ್ ಎಸಿಯಲ್ಲಿ 4 ಜಾಯಿಂಟ್‌ಗಳನ್ನು ನಿಮ್ಮ ಮನೆಯಲ್ಲಿ, ಏಣಿಯ ಮೇಲೆ ನಿಂತು ಮಾಡುತ್ತಾರೆ. ಒಳಗಿನ ಯೂನಿಟ್ಟಿನ ಹಿಂದೆ 2, ಹೊರಗಿನ ವಾಲ್ವ್‌ಗಳ ಹತ್ತಿರ 2. ತಾಮ್ರದ ಪೈಪಿನ ತುದಿಯನ್ನು ಕಹಳೆಯ ಬಾಯಿಯ ಹಾಗೆ ಅರಳಿಸಿ ಹಿತ್ತಾಳೆಯ ನಟ್ ಬಿಗಿಯುತ್ತಾರೆ. ಇದಕ್ಕೆ ಫ್ಲೇರ್ ಅನ್ನುತ್ತೇವೆ. ಈ ನಾಲ್ಕರಲ್ಲಿ ಒಂದು ಸರಿಯಾಗದಿದ್ದರೂ ಸಾಕು, ಕಣ್ಣಿಗೆ ಕಾಣದ ಹಾಗೆ ಗ್ಯಾಸ್ ಹೋಗುತ್ತಿರುತ್ತದೆ. ನಿಮ್ಮ ಎಸಿ ಪ್ರತಿ ಬೇಸಿಗೆಗೆ ಸರಿಯಾಗಿ ಸೋಲುವುದು ನೋಡಿದರೆ ನನಗೆ ಮೊದಲ ಅನುಮಾನ ಅಲ್ಲೇ.

ಅನುಮಾನ ಇದ್ದರೂ ಮೊದಲು ಗಾಳಿ ನೋಡಬೇಕು. ತಂಪಿಲ್ಲ ಅಂತ ನನ್ನನ್ನು ಕರೆದ ಎಷ್ಟೋ ಮನೆಗಳಲ್ಲಿ ಗ್ಯಾಸ್ ಸರಿಯಾಗಿಯೇ ಇತ್ತು, ಫಿಲ್ಟರ್ ಮಾತ್ರ ಕಂಬಳಿಯ ಹಾಗೆ ಧೂಳು ಹೊದ್ದಿತ್ತು. ಮೇನ್ ಸ್ವಿಚ್ ಆಫ್ ಮಾಡಿ, ಮುಂದಿನ ಮುಚ್ಚಳ ಎತ್ತಿ, ಎರಡೂ ಜಾಲರಿ ಎಳೆದು ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ. ಜಾಲರಿ ತೆಗೆದಾಗ ಹಿಂದಿನ ಕಾಯಿಲ್‌ಗೆ ಟಾರ್ಚ್ ಬಿಡಿ. ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಬೂದಿ ಬಣ್ಣದ ಪದರ ಕಂಡರೆ ಅದಕ್ಕೆ ವಾಟರ್ ಸರ್ವಿಸ್ (ಮೆಕ್ಯಾನಿಕ್ ಬಂದು ಕಾಯಿಲ್ಲನ್ನೇ ನೀರಿನಿಂದ ತೊಳೆಯುವುದು) ಬೇಕು, ಫಿಲ್ಟರ್ ತೊಳೆದರೆ ಸಾಲದು.

ಆಮೇಲೆ ಎಸಿ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು ಒಂದು ಥರ್ಮಾಮೀಟರ್ ಹಿಡಿಯಿರಿ. ಜ್ವರ ನೋಡುವುದಲ್ಲ, ಕೋಣೆಯ ಉಷ್ಣತೆ ತೋರಿಸುವಂಥದು. ಮೇಲೆ ಗಾಳಿ ಎಳೆಯುವ ಕಡೆ ಎಷ್ಟಿದೆ, ಕೆಳಗೆ ತಂಪು ಗಾಳಿ ಬರುವ ಕಡೆ ಎಷ್ಟಿದೆ ಬರೆದುಕೊಳ್ಳಿ. ವ್ಯತ್ಯಾಸ 8ರಿಂದ 12 ಡಿಗ್ರಿ ಇದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ ಅಂತ. ನಮ್ಮೂರಿನ ಸೆಕೆಯಲ್ಲಿ ಶುರುವಿನಲ್ಲಿ ಸ್ವಲ್ಪ ಕಮ್ಮಿ ಬಂದರೂ ಗಾಬರಿ ಬೇಡ. ಗಾಳಿಯ ತೇವ ಹಿಂಡುವುದಕ್ಕೇ ಅದರ ಶಕ್ತಿಯ ದೊಡ್ಡ ಪಾಲು ಹೋಗುತ್ತದೆ. 3 ಅಥವಾ 4 ಡಿಗ್ರಿಯಲ್ಲೇ ನಿಂತರೆ ಮಾತ್ರ ಮುಂದೆ ಹುಡುಕಬೇಕು.

ಇನ್ನು ನೀರು. ಇದು ಬೇರೆ ದೂರು ಅಂತ ನೀವು ತಿಳಿದಿದ್ದೀರಿ, ಆದರೆ ಎರಡಕ್ಕೂ ಬೇರು ಒಂದೇ ಇರಬಹುದು. ಕರಾವಳಿಯಲ್ಲಿ 1.5 ಟನ್ ಎಸಿ ಗಂಟೆಗೆ ಒಂದೆರಡು ಲೀಟರ್ ನೀರು ಹಿಂಡುತ್ತದೆ. ಆ ನೀರು ಕಾಯಿಲ್ ಕೆಳಗಿನ ಟ್ರೇಗೆ ಬಿದ್ದು, ಬೆರಳಿನಷ್ಟು ದಪ್ಪದ ಪೈಪಿನಲ್ಲಿ ಹೊರಗೆ ಹೋಗಬೇಕು. ಆ ಪೈಪಿನ ಬಾಯಲ್ಲಿ ಲೋಳೆ ಕಟ್ಟುತ್ತದೆ, ಗಂಜಿ ಹೆಪ್ಪುಗಟ್ಟಿದ ಹಾಗೆ ಜಾರುವ ಲೋಳೆ, ಧೂಳು ಪಾಚಿ ಎರಡೂ ಸೇರಿದ್ದು. ಹೊರಗೆ ನೀರು ಬೀಳುವ ತುದಿಯನ್ನು ನೋಡಿ. ಎಸಿ ಓಡುವಾಗ ಅಲ್ಲಿ ಹನಿ ಬರುತ್ತಿಲ್ಲ, ಒಳಗೆ ಗೋಡೆ ಒದ್ದೆ ಅಂದರೆ ಪೈಪು ಕಟ್ಟಿದೆ. ಹೊರಗಿನ ತುದಿಯಿಂದ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆಯಬಹುದು, ನೀರು ಎಳೆಯುವ ಬಗೆಯದಾಗಿದ್ದರೆ ಮಾತ್ರ. ಪೈಪು ಎಲ್ಲಾದರೂ ಮೇಲಕ್ಕೆ ಬಾಗಿ ಮತ್ತೆ ಇಳಿದಿದೆಯಾ ಅಂತಲೂ ನೋಡಿ, ನೀರು ಏರಿ ಹೋಗುವುದಿಲ್ಲ.

ಪೈಪಿನ ತುದಿಯಲ್ಲಿ ನೀರು ಚೆನ್ನಾಗಿ ಬರುತ್ತಿದ್ದೂ ಒಳಗೆ ಸುರಿಯುತ್ತಿದ್ದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿರಬಹುದು. ಕರಗುವಾಗ ಅದು ಟ್ರೇ ಬಿಟ್ಟು ಆಚೆ ಬೀಳುತ್ತದೆ. ಈ ಮಂಜನ್ನು ಸರಿಯಾಗಿ ನೋಡಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಕಾಯಿಲ್ ಉದ್ದಕ್ಕೂ ಒಂದೇ ಸಮ ಬೆಳ್ಳಗಾಗಿದ್ದರೆ ಗಾಳಿಯ ಕೊರತೆ, ಅಂದರೆ ಕೊಳೆ ಇಲ್ಲವೇ ಬ್ಲೋವರ್ (ಒಳಗಿನ ಯೂನಿಟ್ಟಿನ ಫ್ಯಾನ್) ನಿಧಾನ. ಒಂದು ಮೂಲೆಯಲ್ಲಿ ಮಾತ್ರ ಮಂಜು, ಉಳಿದ ಕಡೆ ಬೆರಳಿಟ್ಟರೆ ಒಣ ಒಣ, ಜೊತೆಗೆ ಹೊರಗಿನ ಯೂನಿಟ್ಟಿನ ಸಣ್ಣ ಪೈಪಿನ ಮೇಲೂ ಬೆಳ್ಳಗೆ ಕಟ್ಟಿದ್ದರೆ ಗ್ಯಾಸ್ ಕಮ್ಮಿ ಇರುವ ಸಾಧ್ಯತೆ ಹೆಚ್ಚು. ಮಂಜು ಕಂಡರೆ ಚಾಕು ಹಾಕಿ ಕೆರೆಯಬೇಡಿ. ಕೂಲ್ ನಿಲ್ಲಿಸಿ ಫ್ಯಾನ್ ಮೋಡ್‌ನಲ್ಲಿ ಬಿಡಿ, ತಾನೇ ಕರಗುತ್ತದೆ.

ಪಡುಬಿದ್ರಿ ಕಡೆ ನಿವೃತ್ತ ಟೀಚರ್ ಒಬ್ಬರ ಮನೆಗೆ ಹೋಗಿದ್ದು ಹೇಳುತ್ತೇನೆ, ನಿಮ್ಮದೇ ಕಥೆ ಅದು. ನಾನು ಏಣಿ ಇಡುವ ಮೊದಲೇ ಅವರು ಒಂದು ಫೈಲ್ ಕೈಗಿಟ್ಟರು. "ಎಲ್ಲ ಬಿಲ್ ಇಟ್ಟಿದ್ದೇನೆ ಮಾರಾಯ್ರೆ. ಏಪ್ರಿಲ್ ಬಂತು ಅಂದ್ರೆ ಗ್ಯಾಸ್, ಗ್ಯಾಸ್, ಗ್ಯಾಸ್." 4 ವರ್ಷ, 4 ಬಿಲ್ಲು. ನಾನು ಒಳಗಿನ ಯೂನಿಟ್ಟನ್ನು ಗೋಡೆಯಿಂದ ಸ್ವಲ್ಪ ಎತ್ತಿ, ಹಿಂದಿನ ಪೈಪಿಗೆ ಸುತ್ತಿದ ಟೇಪು ಬಿಚ್ಚಿದೆ. ಕಪ್ಪು ಫೋಮ್ ಸರಿಸಿದಾಗ ದಪ್ಪ ಪೈಪಿನ ನಟ್ ಕೆಳಗೆ ಜಿಡ್ಡು ಕಂಡಿತು. ಬೆರಳಿನಲ್ಲಿ ಒರೆಸಿದರೆ ಒಗ್ಗರಣೆ ಸೌಟಿನ ಹಿಂಬದಿಯ ಹಾಗೆ ಕರಿ ಹತ್ತಿತು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತದೆ, ಗ್ಯಾಸ್ ಹೊರಬರುವ ಕಡೆ ಎಣ್ಣೆಯೂ ಬರುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ನೊರೆ ಮಾಡಿ ಬ್ರಷ್‌ನಲ್ಲಿ ಹಚ್ಚಿ ಟಾರ್ಚ್ ಹಿಡಿದು ಕಾದೆ. ಮೊದಲು ಏನೂ ಇಲ್ಲ. ಆಮೇಲೆ ನಟ್‌ನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಕಾಳುಮೆಣಸಿನಷ್ಟಾಯಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಟೀಚರನ್ನು ಏಣಿಯ ಹತ್ತಿರ ಕರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು. "ಇಷ್ಟು ಸಣ್ಣದಾ?" ಅಂದರು.

ನಟ್ ಬಿಚ್ಚಿದರೆ ಫ್ಲೇರ್ ಮೇಲೆ ಕೂದಲಿನಷ್ಟು ಗೀರು. ಪೈಪು ಕತ್ತರಿಸಿದ ಮೇಲೆ ಒಳಅಂಚಿನ ಚೂರುಗಳನ್ನು ತೆಗೆಯದೆ ಅರಳಿಸಿದ್ದರು. ಒಂದು ಅಂಗುಲ ಕತ್ತರಿಸಿ ಹೊಸ ಫ್ಲೇರ್ ಮಾಡಿ, ನೈಟ್ರೋಜನ್ ತುಂಬಿ ರಾತ್ರಿ ಹಾಗೇ ಬಿಟ್ಟು ಹೋದೆ. ಬೆಳಿಗ್ಗೆ ಪ್ರೆಶರ್ ಗೇಜಿನ ಮುಳ್ಳು ಇಟ್ಟಲ್ಲೇ ಇತ್ತು, ಅಂದರೆ ಲೀಕ್ ನಿಂತಿತ್ತು. ಆಮೇಲೆ ವ್ಯಾಕ್ಯೂಮ್ ಮಾಡಿ, ಅಂದರೆ ಪಂಪ್‌ನಲ್ಲಿ ಪೈಪಿನೊಳಗಿನ ಗಾಳಿ, ತೇವ ಎಳೆದು, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಹೊರಗಿನ ಯೂನಿಟ್ಟಿನ ಪ್ಲೇಟಿನಲ್ಲಿ ಬರೆದಷ್ಟೇ ತೂಕ ಗ್ಯಾಸ್ ತುಂಬಿದೆ. ಅದಾಗಿ 3 ಬೇಸಿಗೆ ಕಳೆಯಿತು, ಫಿಲ್ಟರ್ ಸರ್ವಿಸ್‌ಗೆ ಬಿಟ್ಟರೆ ಆ ಮನೆಗೆ ಹೋಗಿಲ್ಲ.

ಹಾಗಾಗಿ ನಿಮ್ಮ ಮೆಕ್ಯಾನಿಕ್‌ಗೆ ಒಂದೇ ಮಾತು ಕೇಳಿ: "ಲೀಕ್ ಎಲ್ಲಿದೆ, ತೋರಿಸ್ತೀರಾ?" ಜಗಳದ ದನಿಯಲ್ಲಿ ಬೇಡ. ಏಪ್ರಿಲ್‌ನಲ್ಲಿ ಅವರಿಗೂ ದಿನಕ್ಕೆ ಏಳೆಂಟು ಮನೆ ಇರುತ್ತದೆ, ಲೀಕ್ ಹುಡುಕಲು ಅರ್ಧ ದಿನ ಬೇಕು, ಆ ಅರ್ಧ ದಿನಕ್ಕೆ ದುಡ್ಡು ಕೊಡುವವರು ಕಮ್ಮಿ. "ಹುಡುಕಿದ್ದಕ್ಕೆ ಬೇರೆ ಚಾರ್ಜ್ ಕೊಡ್ತೇನೆ, ಇವತ್ತೇ ಆಗ್ಬೇಕಂತಿಲ್ಲ" ಅಂದುನೋಡಿ, ಹೆಚ್ಚಿನವರು ಖುಷಿಯಿಂದ ಮಾಡುತ್ತಾರೆ. ಒಪ್ಪದಿದ್ದರೆ ಬೇರೆಯವರನ್ನು ಕರೆಯಿರಿ.

ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಿ. ಪ್ರೆಶರ್ ಹಾಕಿ ಪರೀಕ್ಷೆ ಮಾಡುವುದು ನೈಟ್ರೋಜನ್‌ನಲ್ಲಿ. ಆಕ್ಸಿಜನ್ ಸಿಲಿಂಡರ್ ತಂದರೆ ಅಲ್ಲೇ ತಡೆಯಿರಿ. ಎಣ್ಣೆಯ ಜೊತೆ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ, ಇದರಲ್ಲಿ ಜೀವ ಹೋಗುತ್ತದೆ. ಪಂಪ್ ಹಾಕಿ ವ್ಯಾಕ್ಯೂಮ್ ಮಾಡಲೇಬೇಕು. ಸ್ವಲ್ಪ ಗ್ಯಾಸ್ ಬಿಟ್ಟು ಒಳಗಿನ ಗಾಳಿ ತಳ್ಳುವ ಹಳೆಯ ಅಭ್ಯಾಸ ಈಗ ನಡೆಯುವುದಿಲ್ಲ, ಉಳಿದ ಗಾಳಿ ಮತ್ತು ತೇವ ಕಂಪ್ರೆಸರ್ ಆಯುಷ್ಯ ತಿನ್ನುತ್ತದೆ. ಇನ್ವರ್ಟರ್ ಎಸಿಗೆ ಬರೀ ಗೇಜ್ ನೋಡಿ ಗ್ಯಾಸ್ ತುಂಬಲೂ ಆಗುವುದಿಲ್ಲ. ಕಂಪ್ರೆಸರ್ ವೇಗ ಬದಲಾದ ಹಾಗೆ ಪ್ರೆಶರ್ ಬದಲಾಗುತ್ತದೆ. ತೂಕವೇ ಸರಿಯಾದ ಅಳತೆ. ಹೊರಗಿನ ಯೂನಿಟ್ಟಿನ ಪಕ್ಕದ ಪ್ಲೇಟಿನಲ್ಲಿ ಗ್ಯಾಸಿನ ಹೆಸರು, ತೂಕ ಎರಡೂ ಇರುತ್ತವೆ, ಈಗಲೇ ಫೋಟೋ ತೆಗೆದಿಟ್ಟುಕೊಳ್ಳಿ. 3 ವರ್ಷದ ಎಸಿ ಅಂದರೆ ಬಹುಶಃ ಆರ್‌32 ಇರುತ್ತದೆ. ಅದು ನಿಧಾನವಾಗಿ ಆದರೂ ಉರಿಯುವ ಗ್ಯಾಸು, ಕೆಲಸ ಆಗುವಾಗ ಕಿಟಕಿ ತೆರೆದಿರಲಿ, ಹತ್ತಿರ ದೀಪ, ಬೀಡಿ ಸಿಗರೇಟು ಬೇಡ. ಆರ್‌32 ಇರುವ ಯಂತ್ರಕ್ಕೆ ಬೇರೆ ಗ್ಯಾಸ್ ಬೆರೆಸಲು ಬಿಡಬೇಡಿ. ಇನ್ನೊಂದು ವಿಷಯ, 1 ಕೆಜಿ ಆರ್‌32 ಗಾಳಿಗೆ ಹೋದರೆ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ 675 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಹಳೆಯ ಆರ್‌410ಎ ಆದರೆ ಅದರ ಮೂರು ಪಟ್ಟು. ವರ್ಷವರ್ಷ ತುಂಬಿಸಿ ವರ್ಷವರ್ಷ ಹೊರಗೆ ಬಿಡುವುದು ನನಗೆ ಈ ಕಾರಣಕ್ಕೂ ನೋವು.

ನಾಲ್ಕೂ ಜಾಯಿಂಟ್ ಸರಿಯಿದ್ದು ಲೀಕ್ ಒಳಗಿನ ಕಾಯಿಲ್‌ನಲ್ಲೇ ಸಿಕ್ಕರೆ ಲೆಕ್ಕ ಬೇರೆ. ಹೊಸ ಪೇಂಟು, ಪ್ಲೈವುಡ್ ಅಂಟು ಇಂಥವುಗಳ ಆವಿಯಿಂದ ಹುಟ್ಟುವ ಆಮ್ಲಗಳು ತಾಮ್ರದಲ್ಲಿ ಇರುವೆ ಗೂಡಿನ ಹಾಗೆ ಸೂಜಿರಂಧ್ರ ಕೊರೆಯುತ್ತವೆ. ಒಂದು ರಂಧ್ರ ಬೆಸೆದರೆ ಪಕ್ಕದಲ್ಲಿ ಇನ್ನೊಂದು ಬರುತ್ತದೆ. ಆಗ ಕಾಯಿಲ್ ಬದಲಿಸುವುದೇ ಸರಿ. ಅದಕ್ಕೆ ಮೊದಲು ವಾರಂಟಿ ಕಾರ್ಡ್ ಓದಿ, ಕಾಯಿಲ್‌ಗೆ ಬೇರೆ ಅವಧಿ ಇರಬಹುದು.

ಸಮುದ್ರ ಹತ್ತಿರ ಇರುವುದರಿಂದ ಹೊರಗಿನ ಯೂನಿಟ್ಟಿನ ಬಗ್ಗೆ ಹೆಚ್ಚು ಕಾಳಜಿ ಬೇಕು. ಉಪ್ಪುಗಾಳಿಗೆ ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಹುಡಿಯಾಗಿ ಉದುರುತ್ತವೆ. ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ, ಗಿಡಕ್ಕೆ ನೀರು ಹಾಕುವ ಪೈಪಿನಲ್ಲಿ ಮೆತ್ತಗೆ, ಸಿಹಿನೀರಿನಿಂದ ಕಾಯಿಲ್ ತೊಳೆಯಿರಿ. ಬಾವಿ ನೀರು ಉಪ್ಪಾಗಿದ್ದರೆ ಅದು ಬೇಡ. ಜೋರಾದ ಜೆಟ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿ ಗಾಳಿ ಹೋಗುವುದಿಲ್ಲ. ಬಾಲ್ಕನಿಯಲ್ಲಿ ಅದರ ಮುಂದೆ ಬಟ್ಟೆ ಒಣಹಾಕಿದ್ದರೆ ತೆಗೆಯಿರಿ, ತಾನು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ಹೊರಗಿನ ಯೂನಿಟ್ಟಿನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಸ್ವಿಚ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಕರೆಂಟ್ ನಿಂತಿರುತ್ತದೆ.

ಫಿಲ್ಟರ್ 15 ದಿನಕ್ಕೊಮ್ಮೆ, ವಾಟರ್ ಸರ್ವಿಸ್ ಬೇಸಿಗೆಗೆ ಮೊದಲು ಒಂದು ಮತ್ತು ಮಳೆಗಾಲ ಕಳೆದ ಮೇಲೆ ಒಂದು. ಉಷ್ಣತೆ 24ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಹಾಕಿ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಹೊಸ ಎಸಿಗಳು ಆನ್ ಆಗುವಾಗಲೇ 24ರಲ್ಲಿ ಇರಬೇಕು ಅಂತ ನಿಯಮ ಬಂದಿದ್ದೂ ಕರೆಂಟ್ ಉಳಿಸುವುದಕ್ಕೇ. 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅಂದುಕೊಂಡು ರಾತ್ರಿಯೆಲ್ಲ ಹಾಗೇ ಬಿಟ್ಟ ಮನೆಗಳಲ್ಲಿ, ಕಾಯಿಲ್ ಕೊಳೆಯಾಗಿದ್ದರಂತೂ, ಮಂಜು ಕಟ್ಟುವುದನ್ನು ನಾನು ಹೆಚ್ಚು ನೋಡಿದ್ದೇನೆ.

ಇವತ್ತು ಫಿಲ್ಟರ್ ತೊಳೆದು, ಎರಡು ಕಡೆಯ ಉಷ್ಣತೆ, ಡ್ರೈನ್ ತುದಿಯಲ್ಲಿ ಹನಿ ಇದೆಯಾ, ಮಂಜು ಇದ್ದರೆ ಯಾವ ಮೂಲೆಯಲ್ಲಿ, ಇಷ್ಟು ನೋಡಿ ಇಲ್ಲೇ ಕೆಳಗೆ ಬರೆಯಿರಿ. ರಾತ್ರಿ 9ರ ಮೇಲೆ ಓದಿ ಉತ್ತರ ಹಾಕುತ್ತೇನೆ. ಅಲ್ಲಿಯವರೆಗೆ ಗ್ಯಾಸಿನವರಿಗೆ ನಾಳೆ ಬನ್ನಿ ಅಂತ ಹೇಳಿರಿ.