ಡೊಂಬಿವಲಿಯ ಭಾಷೆಗಳು, ವಾಸ್ಕೋದ ತಕ್ಕಡಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೂರರಲ್ಲಿ "ಸಂಶೋಧನೆಯಲ್ಲಿ ಗೊತ್ತಾಗಿದೆಯಂತೆ" ಅನ್ನುವ ಧಾಟಿಯ ಮಾತಿದೆ. ನಾಲ್ಕನೆಯದರಲ್ಲಿ ಇಲ್ಲ, ನನಗೆ ತುಂಬಾ ಹಿಡಿಸಿದ್ದೂ ಅದೇ. ಮುಂಬೈಯಲ್ಲಿ ಮೂವತ್ತು ವರ್ಷ ಮೆಡಿಕಲ್ ಹುಡುಗರಿಗೆ ಅಂಕಿಸಂಖ್ಯೆಯ ಪಾಠ ಹೇಳಿದವನು ನಾನು. ಯಾರಾದರೂ 'ಅಂತೆ' ಅಂದರೆ ಸುಮ್ನೆ ಕೂರಲು ಆಗುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ನಮ್ಮದು ತುಳು, ಕನ್ನಡ. ಬಿಲ್ಡಿಂಗಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ. ಮೊಮ್ಮಗನಿಗೆ ಎರಡೂವರೆ ವರ್ಷ. ಇನ್ನೂ ಪದಕ್ಕೆ ಪದ ಸೇರಿಸಿ ಮಾತಾಡುವುದಿಲ್ಲ. ಇಷ್ಟೊಂದು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲವಾಗಿದೆ, ಬರೀ ಇಂಗ್ಲಿಷ್ ಮಾತಾಡಿ ಅಂತ ಪ್ಲೇಸ್ಕೂಲಿನ ಟೀಚರ್ ಹೇಳಿದರು. ಅದೇ ವಾರ ವಾಟ್ಸಾಪಿನಲ್ಲಿ, ಎರಡು ಭಾಷೆ ಬಲ್ಲವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರುವುದಿಲ್ಲವೆಂದು ಸಂಶೋಧನೆ ಹೇಳಿದೆ ಅಂತ ಬಂತು. ಯಾವುದನ್ನು ನಂಬಲಿ?
— ಡೊಂಬಿವಲಿಯ ಒಬ್ಬ ಅಜ್ಜಿ

ಉತ್ತರ: ಮೊದಲು ಮಗುವಿನ ವಿಷಯ. ಅದು ಕಾಯುವಂಥದ್ದಲ್ಲ.

ಎರಡು ಮೂರು ಭಾಷೆ ಕೇಳಿಸಿಕೊಂಡು ಬೆಳೆದರೆ ಮಾತು ತಡವಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ನಾವು ಎಣಿಸುವ ರೀತಿ ತಪ್ಪುತ್ತದೆ, ಅಷ್ಟೇ. ಅನ್ನಕ್ಕೆ ನಿಮ್ಮ ಹತ್ತಿರ ತುಳುವಿನಲ್ಲಿ 'ನುಪ್ಪು' ಅಂದು, ಪಕ್ಕದ ಮನೆಯ ಆಜಿಯ ಹತ್ತಿರ ಮರಾಠಿಯಲ್ಲಿ 'ಭಾತ್' ಅಂದರೆ ಅವು ಎರಡು ಪದ. ಟೀಚರ್ 'ರೈಸ್' ಒಂದನ್ನೇ ಕಾಯುತ್ತಾ ಕೂತಿದ್ದರೆ ಅವರ ಲೆಕ್ಕದಲ್ಲಿ ಸೊನ್ನೆ. ಒಂದು ವಾರ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಅವನು ಆಡುವ ಪದಗಳನ್ನೆಲ್ಲ ಬರೆದಿಡಿ, ಯಾವ ಭಾಷೆಯದಾದರೂ ಸರಿ. 'ನುಪ್ಪು ಬೋಡು' (ಅನ್ನ ಬೇಕು) ಅನ್ನುವಂಥ ಎರಡು ಪದದ ಜೋಡಿ ಎರಡು ವರ್ಷದ ಹೊತ್ತಿಗೆ ಶುರುವಾಗಿರಬೇಕು. ಎರಡೂವರೆಗೂ ಒಂದೂ ಇಲ್ಲವೆಂದರೆ ಕಿವಿ ಪರೀಕ್ಷೆ ಮಾಡಿಸಿ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ತೋರಿಸಿ. ತುಳು ನಿಲ್ಲಿಸಿಬಿಟ್ಟು ಆರು ತಿಂಗಳು ನೋಡೋಣ ಅಂತ ಮಾತ್ರ ಕೂರಬೇಡಿ. ತಡವಾಗಲು ಬೇರೆ ಕಾರಣವಿದ್ದರೆ ಆ ಆರು ತಿಂಗಳೂ ಹೋಯಿತು, ಅಜ್ಜಿಯ ಮಾತೂ ಹೋಯಿತು.

ಇನ್ನು ವಾಟ್ಸಾಪಿನ ಮಾತು. ಅದಕ್ಕೆ ಬೇರು ಇದೆ, ಹೈದರಾಬಾದಿನಲ್ಲಿ. ನಿಜಾಮ್ಸ್ ಆಸ್ಪತ್ರೆಯಲ್ಲಿದ್ದ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದ 648 ರೋಗಿಗಳ ದಾಖಲೆ ನೋಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆ ಬರುವವರಿಗಿಂತ, ಎರಡು ಅಥವಾ ಹೆಚ್ಚು ಭಾಷೆ ಬರುವವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಓದುಬರಹ ಬಾರದವರಲ್ಲೂ ಈ ಅಂತರ ಕಂಡಿತು. ಹಾಗಾಗಿ ಇದು ಬರೀ ಶಾಲೆಯ ಓದಿನ ಪ್ರಭಾವ ಅನ್ನುವಂತಿಲ್ಲ. ಎರಡರ ಮೇಲೆ ಮೂರು, ನಾಲ್ಕು ಭಾಷೆ ಬಂದರೆ ಇನ್ನಷ್ಟು ಲಾಭ ಅಂತ ಮಾತ್ರ ಅಲ್ಲಿ ಕಾಣಲಿಲ್ಲ. ಮುಂಬೈಯವರಿಗೆ ಬೇಸರವಾಗಬಹುದು.

ಈಗ ಒಂದು ಸಣ್ಣ ವಿಷಯ ಗಮನಿಸಿ. ಆ 648 ಜನರಿಗೂ ಕಾಯಿಲೆ ಬಂದಾಗಿತ್ತು! ಕಾಯಿಲೆ ಬಂದವರನ್ನಷ್ಟೇ ಎಣಿಸಿ "ಇವರಿಗೆ ಬರುವುದಿಲ್ಲ" ಅನ್ನುವುದು ಹೇಗೆ? ಅಲ್ಲಾಡಿಯವರ ತಂಡ ಹಾಗೆ ಹೇಳಿಯೂ ಇಲ್ಲ. 'ತಡವಾಗಿ' ಅಂದದ್ದು ಫಾರ್ವರ್ಡ್ ಆಗುತ್ತಾ ಆಗುತ್ತಾ 'ಇಲ್ಲವೇ ಇಲ್ಲ' ಆಯಿತು. ಆರೋಗ್ಯವಂತರನ್ನು ಹಿಡಿದು, ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಕಾಯಿಲೆ ಬಂತು ಅಂತ ನೋಡಿದ ಅಧ್ಯಯನಗಳು ಬೇರೆ ಇವೆ. ಅವನ್ನೆಲ್ಲ ಒಟ್ಟು ಹಾಕಿ 2017ರಲ್ಲಿ ಲೆಕ್ಕ ಮಾಡಿದಾಗ ಎರಡು ಭಾಷೆಯವರಿಗೆ ರಕ್ಷಣೆ ಏನೂ ಕಾಣಲಿಲ್ಲ.

ನನ್ನ ಒಲವು ಹೈದರಾಬಾದಿನ ಕಡೆಗೇ. ವಿದೇಶದ ಇಂಥ ಅಧ್ಯಯನಗಳಲ್ಲಿ ಎರಡು ಭಾಷೆಯವರು ಅಂದರೆ ಎಷ್ಟೋ ಸಲ ವಲಸೆ ಬಂದವರು. ಭಾಷೆಯ ಪ್ರಭಾವ ಎಷ್ಟು, ವಲಸೆಯದೆಷ್ಟು ಅಂತ ಬಿಡಿಸುವುದು ಕಷ್ಟ. ಹೈದರಾಬಾದಿನಲ್ಲಿ ತೆಲುಗು, ಉರ್ದು ಎರಡೂ ಹುಟ್ಟಿದ ಬೀದಿಯಲ್ಲೇ ಸಿಗುತ್ತವೆ. ಡೊಂಬಿವಲಿಯಲ್ಲಿ ಈ ಅಧ್ಯಯನ ಮಾಡಬೇಕು ಅಂದುಕೊಳ್ಳಿ, ಹೋಲಿಸಲು ಒಂದೇ ಭಾಷೆ ಬರುವವರನ್ನು ಎಲ್ಲಿಂದ ತರುವುದು?

ನಿಮಗೂ ಒಂದು ಮಾತು ಇದೆ ಅಮ್ಮಾ. ಡಿಮೆನ್ಶಿಯಾ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಏನಾದರೂ ಮಾಡಬಹುದಾದ 14 ಕಾರಣಗಳ ಪಟ್ಟಿ ಇದೆ. ಅದರಲ್ಲಿ ದೊಡ್ಡ ಪಾಲು ಕಿವಿ ಮಂದವಾಗುವುದರದು, ಕೆಟ್ಟ ಕೊಲೆಸ್ಟರಾಲಿನದು. ಮೊಮ್ಮಗನನ್ನು ಬಾಂದ್ರಾಕ್ಕೆ ಕರೆದೊಯ್ದ ದಿನವೇ ನಿಮ್ಮ ಕಿವಿಯನ್ನೂ ತೋರಿಸಿಕೊಂಡು ಬನ್ನಿ.

ಪ್ರಶ್ನೆ: ಮಗ ವಾಚು ಕೊಡಿಸಿದ್ದಾನೆ. ದಿನಕ್ಕೆ 10,000 ಹೆಜ್ಜೆ ಹಾಕಲೇಬೇಕು ಅನ್ನುತ್ತಾನೆ, ಅದು ವೈಜ್ಞಾನಿಕವಂತೆ. 6,500ಕ್ಕೆಲ್ಲ ಮೊಣಕಾಲು ಕೈಕೊಡುತ್ತದೆ. ವಯಸ್ಸು 67.
— ಪುಣೆಯ ಕೋಥ್ರುಡ್‌ನಿಂದ ಒಬ್ಬ ನಿವೃತ್ತರು

ಉತ್ತರ: ರಾಯರೇ, ಆ 10,000 ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ಜಾಹೀರಾತಿನಲ್ಲಿ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದರ ಹೆಸರು 'ಮಾನ್‌ಪೋಕೆಯ್', ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಸಂಖ್ಯೆ ದುಂಡಗಿತ್ತು, ನೆನಪಿನಲ್ಲಿ ಉಳಿಯಿತು. ನಿಮ್ಮ ಮಗನ ವಾಚಿಗೂ ಬಂತು.

ನಿಜವಾಗಿ ಅಳೆದವರು ಆಮೇಲೆ ಬಂದರು. 2019ರಲ್ಲಿ ಅಮೆರಿಕದ ಸುಮಾರು 17,000 ವಯಸ್ಸಾದ ಹೆಂಗಸರ ಅಧ್ಯಯನ ಬಂತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 4,400 ಹೆಜ್ಜೆ ನಡೆಯುವವರಲ್ಲಿ ಆಗಲೇ ಸಾವಿನ ಪ್ರಮಾಣ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 2025ರಲ್ಲಿ 57 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಉತ್ತರ ಅಲ್ಲೇ ಆಸುಪಾಸು: 2,000 ಹೆಜ್ಜೆಯವರಿಗಿಂತ 7,000 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಶೇ. 47 ಕಡಿಮೆ. ಇದರಲ್ಲೂ ಒಂದು ತೊಡಕಿದೆ. ಮೊದಲೇ ಕಾಯಿಲೆ ಇದ್ದವರು ನಡೆಯುವುದೇ ಕಡಿಮೆ. ಹಾಗಾಗಿ ಆ 47 ಪೂರ್ತಿ ನಡಿಗೆಯ ಗಳಿಕೆಯಲ್ಲ.

ನಿಮ್ಮ 6,500 ಚೆನ್ನಾಗಿಯೇ ಇದೆ. ನಿಮ್ಮೂರಿನ ಪರ್ವತಿ ಗುಡ್ಡದ 103 ಮೆಟ್ಟಿಲು ಹತ್ತಿ ಇಳಿದು ಲೆಕ್ಕ ತುಂಬಿಸುವ ಸಾಹಸ ಬೇಡ, ಮೊಣಕಾಲಿಗೆ ಇಳಿಯುವಾಗಲೇ ಜಾಸ್ತಿ ಭಾರ. ಮತ್ತೆ ವಾಚಿನ ಮಾತನ್ನು ಪೂರ್ತಿ ನಂಬಬೇಡಿ. ನಮ್ಮ ಮನೆಯಾಕೆ ಒಂದು ಸಂಜೆ ನನ್ನ ವಾಚು ಕಟ್ಟಿಕೊಂಡು ಚಪಾತಿ ಲಟ್ಟಿಸಿದಳು. ನಿಂತಲ್ಲೇ ನಿಂತು ಇನ್ನೂರು ಹೆಜ್ಜೆ ನಡೆದಿದ್ದಳು.

ಪ್ರಶ್ನೆ: ಚಾಟ್‌ಜಿಪಿಟಿ ಬಳಸಿದರೆ ಮೆದುಳು ಕೊಳೆಯುತ್ತದೆ ಅಂತ ಎಂಐಟಿ ಸಾಬೀತು ಮಾಡಿದೆ ಎಂದು ನಮ್ಮ ಪ್ರೊಫೆಸರ್ ಹೇಳುತ್ತಾರೆ. ಹೌದಾ ಸರ್?
— ನೆರೂಳಿನಿಂದ ಬಿ.ಕಾಂ. ವಿದ್ಯಾರ್ಥಿನಿ

ಉತ್ತರ: ಇಲ್ಲಮ್ಮ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ 2025ರ ಜೂನಿನಲ್ಲಿ ಬಂದ ಆ ಬರಹದಲ್ಲಿ ಇದ್ದದ್ದು ಪ್ರಬಂಧ ಬರೆದ 54 ಜನ, ಕೊನೆಯ ಸುತ್ತಿಗೆ ಉಳಿದದ್ದು 18. ಬೇರೆ ತಜ್ಞರ ಪರಿಶೀಲನೆ ಆಗುವ ಮೊದಲೇ ಅದನ್ನು ಹೊರಗೆ ಬಿಟ್ಟಿದ್ದರು. ಮೆದುಳು ಕೊಳೆಯಿತು, ಹಾಳಾಯಿತು ಅನ್ನುವ ಮಾತು ದಯವಿಟ್ಟು ಬಳಸಬೇಡಿ ಅಂತ ಬರೆದವರೇ ಕೇಳಿಕೊಂಡಿದ್ದರು. ಆದರೆ ಚಾಟ್‌ಜಿಪಿಟಿ ಹಿಡಿದು ಪ್ರಬಂಧ ಬರೆದವರಲ್ಲಿ ಹೆಚ್ಚಿನವರಿಗೆ, ತಾವೇ ಆಗಷ್ಟೇ ಬರೆದದ್ದರಲ್ಲಿ ಒಂದು ಸಾಲನ್ನೂ ಸರಿಯಾಗಿ ನೆನಪಿಸಿಕೊಂಡು ಹೇಳಲು ಆಗಲಿಲ್ಲ. ಅದು ನಿಜ.

ನಿನ್ನ ಪ್ರೊಫೆಸರಿಗೆ ಟರ್ಕಿಯ ಅಧ್ಯಯನ ಹೇಳು, ಅದು ಗಟ್ಟಿಯಾದದ್ದು. ಹೈಸ್ಕೂಲಿನ ಸುಮಾರು ಸಾವಿರ ಮಕ್ಕಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಇಟ್ಟುಕೊಂಡು ಗಣಿತ ಅಭ್ಯಾಸ ಮಾಡುವಾಗ ಅಂಕ ಶೇ. 48 ಏರಿತು. ಪರೀಕ್ಷೆಯಲ್ಲಿ ಅದನ್ನು ಕಿತ್ತುಕೊಂಡಾಗ, ಎಐ ಮುಟ್ಟದೇ ಇದ್ದವರಿಗಿಂತ ಶೇ. 17 ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ ಸಿಕ್ಕ ಮಕ್ಕಳಲ್ಲಿ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ನೀನು ಅಕೌಂಟ್ಸ್ ಮಾಡುವಾಗ "ಉತ್ತರ ಬೇಡ, ಎಲ್ಲಿ ತಪ್ಪಿದೆ ಅಷ್ಟೇ ಹೇಳು" ಅಂತ ಕೇಳಿ ನೋಡು.

ಪ್ರಶ್ನೆ: ನಾವು ಗದಗಿನ ಕಡೆಯವರ್ರಿ. ವಾಸ್ಕೋದಾಗ ಕಾಯಿಪಲ್ಲೆ ಮಾರ್ತೀವಿ. ಮಗ ಏಳನೇ ಕ್ಲಾಸು. ಸಂಜಿ ಮುಂದ ಅಂಗಡ್ಯಾಗ ಕುಂತರ ಒಂದು ರೂಪಾಯಿ ತಪ್ಪಂಗಿಲ್ಲ. ಸಾಲ್ಯಾಗ ಲೆಕ್ಕದ ಪೇಪರ್ ತುಂಬ ಕೆಂಪು ಗೆರಿ. ಹುಡುಗಗ ತಲಿ ಇಲ್ಲ ಅಂತಾರ ಟೀಚರು. ಹೌದೇನ್ರಿ?
— ಮಗಳ ಕೈಯಿಂದ ಬರೆಸಿದ ಪತ್ರ, ಗೋವಾದ ವಾಸ್ಕೋ

ಉತ್ತರ: ಇಲ್ಲ ತಾಯಿ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರು ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ಸಂತೆಗೆ ಹೋಗಿದ್ದಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರ ಅಧ್ಯಯನ 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,400ರಷ್ಟು ಮಕ್ಕಳನ್ನು ನೋಡಿದರು. ಪರೀಕ್ಷೆ ಅಂತ ಹೇಳಲಿಲ್ಲ, ಗಿರಾಕಿಗಳ ಹಾಗೆ ಹೋಗಿ ನಿಂತರು. ಕಿಲೋಗೆ 20ರ ಆಲೂಗಡ್ಡೆ 800 ಗ್ರಾಂ, ಕಿಲೋಗೆ 15ರ ಉಳ್ಳಾಗಡ್ಡಿ 1 ಕಿಲೋ 400 ಗ್ರಾಂ, 200ರ ನೋಟಿಗೆ ಚಿಲ್ಲರೆ ಎಷ್ಟು? ಈ ಥರದ ಲೆಕ್ಕ. ಎರಡನೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಸರಿ ಹೇಳಿದರು, ಕಾಗದ ಪೆನ್ನು ಇಲ್ಲದೆ. ಆಮೇಲೆ ಶಾಲೆಯ ಪುಸ್ತಕದ ಭಾಗಾಕಾರ ಮುಂದಿಟ್ಟರೆ ಬಹಳ ಮಕ್ಕಳಿಗೆ ಆಗಲಿಲ್ಲ.

ಇನ್ನೊಂದು ಕಡೆಯೂ ನೋಡಿದರು. ಅಂಗಡಿಯ ಮುಖ ಕಾಣದ ಶಾಲೆಯ ಮಕ್ಕಳು ಪುಸ್ತಕದ ಲೆಕ್ಕ ಬಿಡಿಸಿದರು, ಸಂತೆಯ ಲೆಕ್ಕದಲ್ಲಿ ಮುಗ್ಗರಿಸಿದರು. ಅವರಿಗೆ ತಲಿ ಇಲ್ಲ ಅಂತ ಯಾರೂ ಅನ್ನಲಿಲ್ಲ, ಅಲ್ವಾ?

ಇದು ಪೂರ್ತಿ ಹೊಸದೂ ಅಲ್ಲ. 1985ರಲ್ಲೇ ಬ್ರೆಜಿಲ್ಲಿನ ರೆಸಿಫೆ ಊರಿನ ಬೀದಿಯಲ್ಲಿ ಒಬ್ಬ ಹುಡುಗನಿಗೆ, 35ರಂತೆ ಹತ್ತು ತೆಂಗಿನಕಾಯಿಗೆ ಎಷ್ಟು ಅಂತ ಕೇಳಿದ್ದರು. 35ರ ಮುಂದೆ ಸೊನ್ನೆ ಹಾಕಿದರೆ ಮುಗಿಯಿತು ಅಂತ ಶಾಲೆ ಹೇಳುತ್ತದೆ. ಅವನು ಹಾಗೆ ಮಾಡಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರಕ್ಕೆ 315, ಉಳಿದ ಒಂದು ಸೇರಿ 350 ಅಂದ. ಮೂರು ಕಾಯಿಯ ಬೆಲೆ ಅವನಿಗೆ ದಿನವೂ ಹೇಳಿ ಹೇಳಿ ಬಾಯಲ್ಲೇ ಇತ್ತು.

ನಿಮ್ಮ ಮಗನೂ ಹಾಗೆಯೇ ಲೆಕ್ಕ ಮಾಡುತ್ತಿರಬೇಕು. ಅದು ಅವನಿಗೆ ಮುಂದೆ ಸಾಲುತ್ತದೆ ಅಂತ ಸುಳ್ಳು ಹೇಳಲಾರೆ. ಎಂಟನೇ ಕ್ಲಾಸಿನ ಬೀಜಗಣಿತಕ್ಕೆ ತಕ್ಕಡಿ ಹಿಡಿದು ಹೋಗಲಾಗುವುದಿಲ್ಲ, ಬರೆದು ಬಿಡಿಸುವುದು ಬರಲೇಬೇಕು. ಮಗಳಿಗೆ ಹೇಳಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹತ್ತು ನಿಮಿಷ ಕೂರಲಿ. 432 ಭಾಗಿಸು 6 ಅಂತ ಕೇಳುವುದು ಬೇಡ. 432 ರೂಪಾಯಿ ಆರು ಜನಕ್ಕೆ ಹಂಚು ಅನ್ನಲಿ. ಅವನು ತಲೆಗೆ ಎಪ್ಪತ್ತು ಕೊಟ್ಟರೆ 420 ಹೋಯಿತು, ಉಳಿದ ಹನ್ನೆರಡರಲ್ಲಿ ಎರಡೆರಡು, ಒಟ್ಟು 72 ಅಂತಾನೆ. ಅದನ್ನು ಹಾಗೆ ಹಾಗೇ ಬರೆಸಲಿ. ಅದರ ಪಕ್ಕದಲ್ಲೇ ಪುಸ್ತಕದ ಭಾಗಾಕಾರ ಬರೆದು, 43ರಲ್ಲಿ 6 ಅನ್ನುವುದು ಏಳು ಸಲ ಹೋಗುತ್ತದೆ ಅನ್ನುವ ಆ ಏಳೇ ಅವನ ಎಪ್ಪತ್ತು ಅಂತ ಬೆರಳಿಟ್ಟು ತೋರಿಸಲಿ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ನನ್ನ ಅನುಮಾನ.

ಟೀಚರನ್ನು ನೋಡಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಕಿಲೋಗೆ 35ರ ಟೊಮೆಟೊ 1 ಕಿಲೋ 400 ಗ್ರಾಂ ತೂಗಿದರೆ ಎಷ್ಟಾಯಿತು ಅಂತ ಅವರೇ ಕೇಳಲಿ. ಕಾಗದ ಮುಟ್ಟುವಂತಿಲ್ಲ, ಟೀಚರೂ.