ವಾರಾಂತ್ಯದ ಕಾರು ಯಾವುದಾಗಿರಬೇಕು?

ಆತ್ಮೀಯ ಓದುಗರೇ,

ನಿಮ್ಮ ಪತ್ರ ತಲುಪಿತು. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ತರುಣರು ಇನ್ನೂ ಅನೇಕರಿರುವುದರಿಂದ, ನಿಮ್ಮ ಹೆಸರನ್ನು ಬಿಟ್ಟು, ಉತ್ತರವನ್ನು ಇಲ್ಲಿಯೇ ಪ್ರಕಟಿಸುತ್ತಿದ್ದೇನೆ. ಉಳಿದವರಿಗಾಗಿ ಪತ್ರದ ಸಾರವನ್ನು ಮೊದಲು ಹೇಳಬೇಕು. ನಿಮಗೆ 26 ವರ್ಷ. ಸಕಲೇಶಪುರ ತಾಲ್ಲೂಕಿನಲ್ಲಿ ತಂದೆತಾಯಿಯರು ಸಣ್ಣ ಕಾಫಿ ತೋಟ ನೋಡಿಕೊಂಡಿದ್ದಾರೆ. ನೀವು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುತ್ತ ಬಾಡಿಗೆ ಮನೆಯಲ್ಲಿದ್ದೀರಿ. ಲೈಸೆನ್ಸ್ ಸಿಕ್ಕಿ ಮೂರು ವರ್ಷವಾಗಿದೆ. 2022ರ ಆಟೊಮ್ಯಾಟಿಕ್ ಹ್ಯಾಚ್‌ಬ್ಯಾಕ್ ಒಂದಿದ್ದು, ಅದರ ಸಾಲ ಈಚೆಗೆ ತೀರಿದೆ. ಈಗ 2011ರಲ್ಲಿ ನೋಂದಣಿಯಾದ ಮಾರುತಿ ಜಿಪ್ಸಿಯೊಂದು ಬೆಂಗಳೂರಿನಲ್ಲಿಯೇ ಮಾರಾಟಕ್ಕಿದೆ. ಹ್ಯಾಚ್‌ಬ್ಯಾಕ್ ಕಚೇರಿಗೆ, ಜಿಪ್ಸಿ ಶನಿವಾರ ಭಾನುವಾರ ನಾಲ್ವರು ಗೆಳೆಯರೊಡನೆ ಘಟ್ಟದ ಕಡೆಗೆ ಎಂಬುದು ನಿಮ್ಮ ಯೋಜನೆ. ತಂದೆಯವರು ಇದನ್ನು ದುಂದು ಎನ್ನುತ್ತಾರೆ. ಖರ್ಚನ್ನು ನಾನೇ ಭರಿಸಬಲ್ಲೆನಾದ್ದರಿಂದ ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಿದ್ದೀರಿ.

ತಂದೆಯವರ ಆಕ್ಷೇಪ ಹಣದ್ದು, ಅದಕ್ಕೆ ಮುಂದೆ ಬರುತ್ತೇನೆ. ನನ್ನ ಆಕ್ಷೇಪ ಬೇರೆ. ನಿಮ್ಮ ಯೋಜನೆಯಲ್ಲಿ ಯಾವ ಕಾರು ಯಾವ ರಸ್ತೆಗೆ ಎಂಬ ಹಂಚಿಕೆ ತಿರುಗುಮುರುಗಾಗಿದೆ. ವಾರದ ಐದು ದಿನ ನೀವು ಓಡಿಸುವುದು ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ. ಅಲ್ಲಿ ಗಾಡಿ ನಿಂತು ನಿಂತು ಸಾಗುತ್ತದೆ, ಪೆಟ್ಟು ಬಿದ್ದರೆ ಬಂಪರಿಗೆ ಬೀಳುತ್ತದೆ. ಹೆದ್ದಾರಿಯ ವೇಗ, ಎದುರಿನಿಂದ ಬರುವ ಲಾರಿ, ಶಿರಾಡಿ ಮತ್ತು ಚಾರ್ಮಾಡಿಯ ತಿರುವುಗಳು, ಮಂಜು, ಮಳೆ, ಭಾನುವಾರ ರಾತ್ರಿ ಕುಣಿಗಲ್ ದಾಟಿ ನೆಲಮಂಗಲದತ್ತ ಬರುವಾಗಿನ ನಿದ್ದೆಗಣ್ಣು, ಇವೆಲ್ಲ ವಾರಾಂತ್ಯದವು. ಜೀವಕ್ಕೆ ಅಪಾಯವಿರುವ ಚಾಲನೆಯೆಲ್ಲ ಬಹುಮಟ್ಟಿಗೆ ಆ ಎರಡು ದಿನಗಳಲ್ಲಿ ಸೇರಿಕೊಂಡಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 61,038 ಮಂದಿ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಅಂದರೆ ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ಬಹಳ ಸಣ್ಣ ಪಾಲಾಗಿರುವ ರಸ್ತೆಗಳಲ್ಲಿ. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ 18ರಿಂದ 45ರೊಳಗಿನವರು. ನಿಮ್ಮ ಬಳಿ ಇರುವ ಕಾರುಗಳಲ್ಲಿ ಹೆಚ್ಚು ಸುರಕ್ಷಿತವಾದದ್ದು ಯಾವುದೋ ಅದೇ ವಾರಾಂತ್ಯದ ಕಾರಾಗಬೇಕು. ನೀವು ಅದನ್ನು ಮನೆಯಲ್ಲಿ ಬಿಟ್ಟು ಮತ್ತೊಂದರಲ್ಲಿ ಘಟ್ಟಕ್ಕೆ ಹೊರಡಲು ಯೋಚಿಸಿದ್ದೀರಿ.

ಜಿಪ್ಸಿಯ ಮೇಲಿನ ನಿಮ್ಮ ಪ್ರೀತಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 1985ರಲ್ಲಿ ಬಂದು ಮೂರು ದಶಕಗಳಿಗೂ ಮಿಕ್ಕಿ ತಯಾರಾದ ಆ ಗಾಡಿಯನ್ನು ಸೇನೆ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಸುಮ್ಮನೆ ನೆಚ್ಚಿಕೊಂಡಿರಲಿಲ್ಲ. ಮೈ ಹಗುರ, 1.3 ಲೀಟರಿನ ಪೆಟ್ರೋಲ್ ಎಂಜಿನ್ ಸರಳ, ನಾಲ್ಕೂ ಚಕ್ರಗಳಿಗೆ ಎಳೆತ ಕೊಟ್ಟರೆ ಆಷಾಢದ ಕೆಸರಿನಲ್ಲಿಯೂ ತೋಟದ ಏರು ಹತ್ತುತ್ತದೆ. ಆದರೆ ಈ ಗುಣಗಳೆಲ್ಲ ನಿಧಾನವಾಗಿ ಸಾಗುವ ಕಚ್ಚಾ ದಾರಿಗೆ ಸೇರಿದವು. ಸಕಲೇಶಪುರಕ್ಕೆ ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್ ದೂರ. ಅದರಲ್ಲಿ ಕಚ್ಚಾ ದಾರಿ ಇರುವುದು ಕೊನೆಯ ಕೆಲವೇ ಕಿಲೋಮೀಟರ್. ಉಳಿದ ಹೆದ್ದಾರಿಯಲ್ಲಿ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗಿನ, ಎತ್ತರದ, ಚಕ್ರಗಳ ನಡುವೆ ಅಂತರ ಕಡಿಮೆ ಇರುವ ಈ ಗಾಡಿ, ಮಳೆಯಲ್ಲಿ ಹಠಾತ್ತನೆ ಬ್ರೇಕ್ ಒತ್ತಿ ಸ್ಟಿಯರಿಂಗ್ ತಿರುಗಿಸಬೇಕಾಗಿ ಬಂದರೆ, ನಿಮ್ಮ ಹ್ಯಾಚ್‌ಬ್ಯಾಕಿನಷ್ಟು ಹಿಡಿತ ಕೊಡುವುದಿಲ್ಲ.

ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ (ಹಠಾತ್ತನೆ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಲ್ಲಿ, ಪಕ್ಕದ ಸೀಟಿನ ಏರ್‌ಬ್ಯಾಗ್ 2022ರ ಆರಂಭದಲ್ಲಿ. ನಿಮ್ಮ ಹ್ಯಾಚ್‌ಬ್ಯಾಕಿನಲ್ಲಿ ಈ ಮೂರೂ ಇವೆ, 2011ರ ಜಿಪ್ಸಿಯಲ್ಲಿ ಒಂದೂ ಇಲ್ಲ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಹಿಂದಿನ ಸೀಟು. ಜಿಪ್ಸಿಗಳಲ್ಲಿ ಸಾಮಾನ್ಯವಾಗಿ ಹಿಂದೆ ಇರುವುದು ಎದುರುಬದುರಾಗಿ ಅಡ್ಡಲಾಗಿ ಕೂರುವ ಬೆಂಚು. ಅಲ್ಲಿ ಕೂತವರಿಗೆ ಕಟ್ಟಿಕೊಳ್ಳಲು ಬೆಲ್ಟ್ ಇರುವುದಿಲ್ಲ. ನಾಲ್ವರು ಗೆಳೆಯರಲ್ಲಿ ಮೂವರು ಅಲ್ಲಿಯೇ ಕೂರುವವರು. ಗಾಡಿ ಮಗುಚಿದರೆ ಅವರನ್ನು ಹಿಡಿದಿಡುವುದಕ್ಕೆ ಬಟ್ಟೆಯ ಹೊದಿಕೆಯ ಹೊರತು ಏನೂ ಇಲ್ಲ. ಸ್ಟಿಯರಿಂಗ್ ಹಿಡಿದು ಕೂತವನಿಗೆ ತನ್ನ ಜೀವದ ಮೇಲೆ ಹಕ್ಕಿದೆಯೆಂದು ವಾದಿಸಬಹುದು. ಹಿಂದೆ ಕೂತ ಮೂವರ ಮನೆಯವರಿಗೆ ಆ ವಾದವನ್ನು ಹೇಳಲಾಗದು.

ರೂಢಿಯ ಮಾತೂ ಇದೆ. ವಾರವಿಡೀ ನೀವು ಓಡಿಸುವುದು ಕ್ಲಚ್ ಇಲ್ಲದ ಕಾರನ್ನು. ಶನಿವಾರ ಬೆಳಗ್ಗೆ ಹತ್ತಿದ ಜಿಪ್ಸಿಯಲ್ಲಿ ಕ್ಲಚ್ಚಿದೆ, ಬ್ರೇಕಿನ ಒತ್ತು ಬೇರೆ, ಕನ್ನಡಿಯಲ್ಲಿ ಕಾಣುವ ರಸ್ತೆ ಬೇರೆ. ಮೂರು ವರ್ಷದ ಅನುಭವದಲ್ಲಿ ಕೈಕಾಲುಗಳು ಎರಡು ಬಗೆಯ ಗಾಡಿಗಳಿಗೆ ತಾವಾಗಿಯೇ ಹೊಂದಿಕೊಳ್ಳುವಷ್ಟು ಪಳಗಿರುವುದಿಲ್ಲ. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ಮಲೆನಾಡಿನ ಡ್ರೈವರುಗಳು ಹೊಸಬರಿಗೆ ಹೇಳಿಕೊಡುತ್ತಾರೆ, ಏಕೆಂದರೆ ಬರೀ ಬ್ರೇಕಿನ ಮೇಲೆ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಆ ಅಭ್ಯಾಸ ದಿನವೂ ಗೇರ್ ಹಾಕುವವನಿಗೆ ಬರುತ್ತದೆ. ವಾರಾಂತ್ಯದಲ್ಲಿ ಮಾತ್ರ ಹಾಕುವವನಿಗೆ ಪ್ರತಿ ಸಲವೂ ಅದು ಹೊಸದಾಗಿಯೇ ಉಳಿಯುತ್ತದೆ.

ಇನ್ನು, ಓಡದೆ ನಿಂತ ಗಾಡಿ ಹಾಳಾಗುವ ಬಗೆಯನ್ನು ಕಾರು ಕೊಳ್ಳುವವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ನಿಂತಲ್ಲಿಯೇ ಇಳಿಯುತ್ತದೆ. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಅದು ಸವೆಯದಿದ್ದರೂ ವಯಸ್ಸಿನಿಂದ ಬಿರುಕು ಬಿಡುತ್ತದೆ. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುವುದರಿಂದ, ಮಾರುವವರು ಟೈರು ಹೊಸದು ಎಂದರೆ ಆ ಅಂಕಿಯನ್ನೇ ನೋಡಬೇಕು. ಹ್ಯಾಂಡ್‌ಬ್ರೇಕ್ ಎಳೆದು ಮಳೆಗಾಲದಲ್ಲಿ ನಿಲ್ಲಿಸಿದರೆ ಹಿಂದಿನ ಬ್ರೇಕು ಕಚ್ಚಿಕೊಳ್ಳುವುದುಂಟು. ಬೆಂಗಳೂರಿನ ಇಲಿಗಳು ನಿಂತ ಗಾಡಿಯ ವೈರನ್ನು ಕಡಿಯುವುದು ಯಾವ ಮೆಕ್ಯಾನಿಕ್ಕಿಗೂ ಹೊಸ ಸುದ್ದಿಯಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡದವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ತೇವವನ್ನು ಹೀರಿಕೊಳ್ಳುವ ದ್ರವ. 2023ಕ್ಕೆ ಹಿಂದಿನ ಗಾಡಿಗಳ ರಬ್ಬರ್ ಕೊಳವೆ, ಗ್ಯಾಸ್ಕೆಟ್ಟುಗಳನ್ನು ಇಷ್ಟು ಎಥೆನಾಲಿಗೆಂದು ಮಾಡಿದ್ದಲ್ಲವಾದ್ದರಿಂದ ಹಳೆಯ ಗಾಡಿಗಳಲ್ಲಿ ಅವನ್ನು ಬೇಗ ಬದಲಾಯಿಸಬೇಕಾಗಬಹುದು. ಓಡಿದ ಕಿಲೋಮೀಟರ್ ಎಷ್ಟೇ ಕಡಿಮೆಯಿದ್ದರೂ ಎಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಈ ದೋಷಗಳಲ್ಲಿ ಹಲವು ಮನೆಯ ಮುಂದೆ ಕಾಣುವುದಿಲ್ಲ, ದೂರದ ಊರಿನ ದಾರಿಯಲ್ಲಿ ಕಾಣುತ್ತವೆ.

ಆ ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಬಾಡಿಗೆ ಮನೆಯಲ್ಲಿ ಒಂದೇ ಕಾರಿನ ಜಾಗವಿದೆಯೆಂದು ಬೇರೆಡೆ ಬರೆದಿರುವುದರಿಂದ ರಸ್ತೆಯಲ್ಲಿಯೇ ಎಂದು ಊಹಿಸುತ್ತೇನೆ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ ನಗರದಲ್ಲಿ, ಐದು ದಿನ ಅಲುಗಾಡದೆ ನಿಲ್ಲುವ ಒಂದು ಗಾಡಿಗೆ ಬೀದಿಯ ಅಂಚನ್ನು ಬಿಟ್ಟುಕೊಡುವವರು ನಿಮ್ಮ ನೆರೆಯವರು, ಫುಟ್‌ಪಾತ್ ಸಿಗದೆ ರಸ್ತೆಗಿಳಿಯುವ ಮಕ್ಕಳು ಮತ್ತು ವೃದ್ಧರು. ಖರ್ಚನ್ನು ನಾನೇ ಭರಿಸಬಲ್ಲೆ ಎಂಬ ನಿಮ್ಮ ಮಾತು ಇಲ್ಲಿ ಪೂರ್ತಿ ನಿಲ್ಲುವುದಿಲ್ಲ.

ಈಗ ಹಣ. ಜಿಪ್ಸಿಯ ಎಂಜಿನ್ 1000ದಿಂದ 1500 ಸಿಸಿಯ ವರ್ಗಕ್ಕೆ ಸೇರುತ್ತದೆ; 2022ರ ಜೂನ್‌ನಲ್ಲಿ ಗೊತ್ತುಪಡಿಸಿದ ದರದಂತೆ ಥರ್ಡ್ ಪಾರ್ಟಿ ವಿಮೆಯ (ಇತರರಿಗಾಗುವ ಹಾನಿಗೆ ಕಡ್ಡಾಯವಾಗಿರುವ ವಿಮೆ) ಪ್ರೀಮಿಯಂ 3,416 ರೂಪಾಯಿ, ಜಿಎಸ್‌ಟಿ ಸೇರಿದರೆ 4,000 ದಾಟುತ್ತದೆ. ಹ್ಯಾಚ್‌ಬ್ಯಾಕಿನ ಮೇಲೆ ನೀವು ಗಳಿಸಿದ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಎರಡನೆಯ ಗಾಡಿಗೆ ಅನ್ವಯಿಸುವುದಿಲ್ಲ, ಮಾರುವವರ ಬೋನಸ್ಸೂ ನಿಮಗೆ ಬರುವುದಿಲ್ಲ. ನೋಂದಣಿಯ 15 ವರ್ಷಗಳು 2026ರಲ್ಲಿ ಮುಗಿಯುತ್ತವೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಿಂದೆ 600 ರೂಪಾಯಿಯಿದ್ದ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಲಾಯಿತು. ಫಾಸ್ಟ್ಯಾಗ್ ಬೇರೆ ಬೇಕು. ಹೋದ ವರ್ಷದ ಆಗಸ್ಟ್‌ನಲ್ಲಿ ಕೊಂಡೆ ಎಂದು ನೀವು ಬರೆದಿರುವ, 3,000 ರೂಪಾಯಿಗೆ 200 ಪ್ರಯಾಣಗಳ ವಾರ್ಷಿಕ ಟೋಲ್ ಪಾಸು ಹ್ಯಾಚ್‌ಬ್ಯಾಕಿಗಷ್ಟೇ ಸಲ್ಲುತ್ತದೆ. ಪೆಟ್ರೋಲಿನ ಲೆಕ್ಕ ಇವೆಲ್ಲಕ್ಕಿಂತ ದೊಡ್ಡದು. ಹೋಗಿಬರುವ 440 ಕಿಲೋಮೀಟರಿಗೆ, ಲೀಟರಿಗೆ ಹತ್ತರಂತೆ ಹಿಡಿದರೆ ಜಿಪ್ಸಿಗೆ 44 ಲೀಟರ್ ಬೇಕು. ಲೀಟರಿಗೆ ಹದಿನೆಂಟು ಕೊಡುವ ಹ್ಯಾಚ್‌ಬ್ಯಾಕಿಗೆ 25 ಲೀಟರ್ ಸಾಕು. ಬೆಂಗಳೂರಿನಲ್ಲಿ ಪೆಟ್ರೋಲ್ 100 ರೂಪಾಯಿ ದಾಟಿರುವುದರಿಂದ ಒಂದು ಪ್ರಯಾಣದ ವ್ಯತ್ಯಾಸವೇ ಸುಮಾರು 2,000 ರೂಪಾಯಿ. ನಿಮ್ಮ ಸಂಬಳ ಇದನ್ನು ತಡೆದುಕೊಳ್ಳುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅಷ್ಟು ಹಣ ಕೊಟ್ಟು ಕಡಿಮೆ ಸುರಕ್ಷತೆಯನ್ನು ಕೊಳ್ಳುತ್ತಿದ್ದೀರಿ ಎಂಬುದು ಉಳಿದೇ ಇರುತ್ತದೆ.

ಖರ್ಚು ಸರಿದೂಗಿಸಲು ವಾರದ ದಿನಗಳಲ್ಲಿ ಪರಿಚಯದವರಿಗೆ ಬಾಡಿಗೆಗೆ ಕೊಡುವ ಆಲೋಚನೆಯಿದ್ದರೆ ಅದನ್ನು ದಯವಿಟ್ಟು ಬಿಟ್ಟುಬಿಡಿ. ವೈಟ್ ಬೋರ್ಡ್ ಗಾಡಿಯನ್ನು, ಅಂದರೆ ಸ್ವಂತ ಬಳಕೆಗೆಂದು ನೋಂದಾಯಿಸಿದ ಗಾಡಿಯನ್ನು, ಬಾಡಿಗೆಗೆ ಬಿಡುವುದು ಕಾನೂನಿಗೆ ವಿರುದ್ಧ. ಆ ವೇಳೆ ಅಪಘಾತವಾದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳಬಹುದು. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗಳಿಗೆ ಬೇರೆ ಪರವಾನಗಿಯಿದೆ, ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುತ್ತದೆ. ಅಂಥ ಗಾಡಿಯನ್ನು ನೀವೇ ಒಂದೆರಡು ಸಲ ಬಾಡಿಗೆಗೆ ಪಡೆದು, ಏರ್‌ಬ್ಯಾಗ್, ಎಬಿಎಸ್ ಇರುವ ಹೊಸ ಥಾರ್ ಅಥವಾ ಜಿಮ್ನಿಯಲ್ಲಿ ಘಟ್ಟಕ್ಕೆ ಹೋಗಿಬನ್ನಿ. ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಡ್ರೈವ್ ಗಾಡಿಯ ಆಸೆ ಎಷ್ಟು ಕಾಲ ಉಳಿಯುವಂಥದ್ದು ಎಂಬುದು ಅಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ಹಾಗಾದರೆ ಜಿಪ್ಸಿ ಬೇಡವೇ ಬೇಡವೆ? ಬೆಂಗಳೂರಿನಲ್ಲಿ ಬೇಡ. ಆದರೆ ನಿಮ್ಮ ಪತ್ರದಲ್ಲಿಯೇ ಇನ್ನೊಂದು ಉತ್ತರ ಅಡಗಿದೆ. ತೋಟಕ್ಕೆ ಹೋಗುವ ದಾರಿ ಮಳೆಗಾಲದಲ್ಲಿ ಕೆಸರಾಗುತ್ತದೆ, ಗೊಬ್ಬರ ಸಾಗಿಸಲು ತಂದೆಯವರು ಪಕ್ಕದ ತೋಟದವರ ಜೀಪು ಕೇಳುತ್ತಾರೆ ಎಂದು ಬರೆದಿದ್ದೀರಿ. ಆ ಗಾಡಿ ಇರಬೇಕಾದದ್ದು ಅಲ್ಲಿ. ತೋಟದ ಮನೆಯಲ್ಲಿ ಅದಕ್ಕೆ ಶೆಡ್ಡಿದೆ, ದಿನವೂ ಸ್ಟಾರ್ಟ್ ಮಾಡುವವರಿದ್ದಾರೆ, ಅದು ಓಡುವ ವೇಗವೂ ಅದಕ್ಕೆ ತಕ್ಕದ್ದು. ನೀವು ಊರಿಗೆ ಹ್ಯಾಚ್‌ಬ್ಯಾಕಿನಲ್ಲಿ ಹೋಗಬಹುದು, ದಣಿದಿದ್ದರೆ ರೈಲಿನಲ್ಲಿಯೂ ಹೋಗಬಹುದು. ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ಹಳಿ 2017ರಲ್ಲಿ ತೆರೆದ ಮೇಲೆ ಮಂಗಳೂರು, ಕಾರವಾರದ ಕಡೆಯ ರೈಲುಗಳು ಅದೇ ದಾರಿಯಲ್ಲಿ ಸಕಲೇಶಪುರಕ್ಕೆ ಬರುತ್ತವೆ. ಶನಿವಾರ ಬೆಳಗ್ಗೆ ಎದ್ದು ನಿಮ್ಮದೇ ತೋಟದ ಏರುಗಳಲ್ಲಿ ಫೋರ್ ವೀಲ್ ಹಾಕಿ ಓಡಿಸುವುದರಲ್ಲಿ, ಇಡೀ ದಿನ ಹೆದ್ದಾರಿಯಲ್ಲಿ ಕಳೆಯುವುದಕ್ಕಿಂತ ಹೆಚ್ಚು ಜಿಪ್ಸಿ ನಿಮಗೆ ಸಿಗುತ್ತದೆ. ದುಂದು ಎಂದ ತಂದೆಯವರೂ ತೋಟದ ಜೀಪು ಎಂದರೆ ಬೇರೆ ರೀತಿಯಲ್ಲಿ ಕೇಳಿಯಾರು. ಕೇಳದಿದ್ದರೆ ಒತ್ತಾಯ ಮಾಡಬೇಡಿ, ಏಕೆಂದರೆ ವಾರವಿಡೀ ಅದನ್ನು ನೋಡಿಕೊಳ್ಳಬೇಕಾದವರು ಅವರು.

ಅವರು ಒಪ್ಪಿದರೆ ಗಾಡಿಯನ್ನು ಅವರ ಹೆಸರಿಗೇ ಮಾಡಿಸಿ, ಕೊಳ್ಳುವ ಮುನ್ನ ಅವರನ್ನೂ ಊರಿನ ಜೀಪು ಮೆಕ್ಯಾನಿಕ್ ಒಬ್ಬರನ್ನೂ ಕರೆತಂದು ತೋರಿಸಿ. ಚಾಸಿಗೆ (ಗಾಡಿಯ ಕೆಳಚೌಕಟ್ಟಿಗೆ) ತುಕ್ಕು ಹಿಡಿದಿದೆಯೇ ಎಂದು ಕೆಳಗೆ ಮಲಗಿ ನೋಡಬೇಕು, ಫೋರ್ ವೀಲ್ ಹಾಕಿ ಓಡಿಸಿ ನೋಡಬೇಕು. ದೊಡ್ಡ ಟೈರು, ಮುಂದೆ ಕಬ್ಬಿಣದ ಗಾರ್ಡು ಹಾಕಿದ್ದರೆ ಅದನ್ನು ಅಲಂಕಾರವೆಂದು ಭಾವಿಸಬೇಡಿ. ಇಂಥ ಕ್ರ್ಯಾಶ್ ಗಾರ್ಡುಗಳ ವಿರುದ್ಧ 2017ರ ಡಿಸೆಂಬರ್‌ನಲ್ಲಿಯೇ ಕೇಂದ್ರ ಸರ್ಕಾರದ ಸೂಚನೆ ಹೊರಟಿದೆ, ಮೂಲ ವಿನ್ಯಾಸವನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಮತ್ತು ಇಂಥ ಗಾಡಿ ಮರುನೋಂದಣಿಯ ತಪಾಸಣೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ನವೀಕರಣವನ್ನು ಮಾರುವವರೇ ಮಾಡಿಸಿಕೊಡುವಂತೆ ಕೇಳಿ, ಅದಾದ ಮೇಲೆಯೇ ಹಣ ಕೊಡಿ. ಬಾಕಿ ದಂಡವಿದೆಯೇ, ಸಾಲದ ನಮೂದಿದೆಯೇ ಎಂಬುದನ್ನು ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಸಾಲದ ನಮೂದಿದ್ದರೆ ಅದನ್ನು ತೆಗೆಸುವ ಫಾರಂ 35 ಬೇಕು. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಪಡೆದು ಮಡಿಸಿ ಇಟ್ಟುಕೊಳ್ಳುವ ವಾಡಿಕೆ ಬಹಳ ಇದೆ. ಅದನ್ನು ಅನುಸರಿಸದೆ ಆರ್‌ಟಿಒ ಕಚೇರಿಗೆ ಕೂಡಲೇ ಸಲ್ಲಿಸಿ, ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಹಾಕಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿರುವುದನ್ನು ಮಾರುವವರಿಗೂ ತಿಳಿಸಿದರೆ, ವರ್ಗಾವಣೆಗೆ ಅವರೇ ಅವಸರ ಮಾಡುತ್ತಾರೆ.

ನಿಮ್ಮ ಹಿತೈಷಿ,
ಸಂಪಾದಕ