ಮುಚ್ಚಿದ ಘಟಕ, ಮುಗಿಯದ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಉದ್ಯಮದ ಸ್ವರೂಪ, ವಯಸ್ಸು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ‘ಶ್ರೀಮತಿ ಕ’ ಎಂದು ಕರೆಯುತ್ತೇನೆ.

ನಲವತ್ತರ ಆಸುಪಾಸಿನ ಶ್ರೀಮತಿ ಕ ಅವರು ಪಾಲುದಾರರೊಬ್ಬರ ಜೊತೆ ಸೇರಿ ಹತ್ತಾರು ವರ್ಷ ಸಿದ್ಧ ಉಡುಪಿನ ಸಣ್ಣ ಘಟಕವೊಂದನ್ನು ನಡೆಸಿದ್ದರು. ದೊಡ್ಡ ಗ್ರಾಹಕರೊಬ್ಬರು ಬಾಕಿ ಉಳಿಸಿಕೊಂಡು ಕೈಯೆತ್ತಿದ ಮೇಲೆ ಸಾಲ ಮೈಮೇಲೆ ಬಂತು, ಪಾಲುದಾರರು ಹಿಂದೆ ಸರಿದರು, ಘಟಕ ಮುಚ್ಚಿತು. ಕೆಲವು ತಿಂಗಳ ನಂತರ ಅವರನ್ನು ನನ್ನ ಬಳಿಗೆ ಕರೆತಂದವರು ಅವರ ಅಣ್ಣ. “ಆದದ್ದು ಆಗಿಹೋಯಿತು, ಇವಳು ಮತ್ತೆ ಏನಾದರೂ ಶುರು ಮಾಡಬೇಕು, ನೀವೇ ಸ್ವಲ್ಪ ಧೈರ್ಯ ಹೇಳಿ” ಎಂದು ಅಣ್ಣ ಹೇಳುತ್ತಿದ್ದಷ್ಟು ಹೊತ್ತೂ ಅವರು ತಲೆ ತಗ್ಗಿಸಿ, ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಅಣ್ಣನನ್ನು ಹೊರಗೆ ಕೂರಲು ಕೇಳಿಕೊಂಡ ಮೇಲೂ ಬಹಳ ಹೊತ್ತು ಮಾತು ಹೊರಡಲಿಲ್ಲ. ಕೊನೆಗೆ ಚೀಲದಿಂದ ದಪ್ಪನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

ಅದರಲ್ಲಿದ್ದುದು ಘಟಕದ ಕೊನೆಯ ವರ್ಷದ ಲೆಕ್ಕ. ನೀಲಿ ಶಾಯಿಯ ನಮೂದುಗಳ ಪಕ್ಕದಲ್ಲಿ, ಅಂಚಿನ ಉದ್ದಕ್ಕೂ, ಪೆನ್ಸಿಲಿನಲ್ಲಿ ಬರೆದು ಅಳಿಸಿ ಮತ್ತೆ ಬರೆದ ಮಾತುಗಳಿದ್ದವು: ‘ಇಲ್ಲೇ ನಿಲ್ಲಿಸಬೇಕಿತ್ತು’, ‘ಈ ಆರ್ಡರ್ ಒಪ್ಪಬಾರದಿತ್ತು’, ‘ಅಂದೇ ಗೊತ್ತಾಗಬೇಕಿತ್ತು’. ಕೆಲವು ಕಡೆ ರಬ್ಬರ್ ತಿಕ್ಕಿ ತಿಕ್ಕಿ ಕಾಗದ ಹರಿಯುವಷ್ಟು ತೆಳುವಾಗಿತ್ತು. ಮನೆಯವರು ಮಲಗಿದ ಮೇಲೆ ಅದನ್ನು ತೆರೆದು ಹಾಸಿಗೆಯ ಮೇಲೆ ಕೂರುವುದು, ನಸುಕಿನವರೆಗೆ ಎಚ್ಚರವಾಗಿರುವುದು, ಹಗಲಿನಲ್ಲಿ ಯಾರ ಫೋನನ್ನೂ ಎತ್ತದಿರುವುದು, ಇಷ್ಟೇ ಅವರ ದಿನಚರಿಯಾಗಿತ್ತು.

ಆ ದಿನ ನಾನು ಧೈರ್ಯದ ಮಾತು ಹೇಳಲಿಲ್ಲ. ಅಂಥ ಮಾತುಗಳನ್ನು ಅವರು ಆಗಲೇ ಸಾಕಷ್ಟು ಕೇಳಿದ್ದರು, ಕೇಳಿದಷ್ಟೂ ತಮ್ಮ ಸ್ಥಿತಿ ಯಾರಿಗೂ ಅರ್ಥವಾಗುತ್ತಿಲ್ಲ ಎಂಬ ಭಾವನೆ ಗಟ್ಟಿಯಾಗಿತ್ತು. ಖಿನ್ನತೆಯ ಮಟ್ಟ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯನ್ನು ಬಳಸಿದೆ. ಅದರ ಒಂಬತ್ತು ಪ್ರಶ್ನೆಗಳಿಗೆ 0ಯಿಂದ 3ರವರೆಗೆ, ಒಟ್ಟು 27 ಅಂಕಗಳು; ಅವರ ಅಂಕ 10ರಿಂದ 14ರ ನಡುವಿನ ಮಧ್ಯಮ ಹಂತದಲ್ಲಿತ್ತು. ಕೊನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗೆ ಸಂಬಂಧಿಸಿದ್ದು. ಅದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಮನೆಯವರು ಹೆದರುವುದುಂಟು, ಆದರೆ ಆ ಹೆದರಿಕೆಗೆ ಆಧಾರವಿಲ್ಲ. ನೇರವಾಗಿ, ಸಮಾಧಾನದಿಂದ ಕೇಳುವುದೇ ಸರಿ. ಅವರಿಗೆ ಅಂಥ ಯೋಚನೆ ಇರಲಿಲ್ಲ. ಆದರೂ ಪ್ರಶ್ನಾವಳಿಯೊಂದೇ ರೋಗನಿರ್ಣಯವಲ್ಲವಾದ್ದರಿಂದ ಮನೋವೈದ್ಯರನ್ನೂ ಕಾಣುವಂತೆ ಸೂಚಿಸಿದೆ.

ಮುಂದಿನ ಭೇಟಿಗಳಲ್ಲಿ ನಮ್ಮ ಹೆಚ್ಚಿನ ಸಮಯ ಆ ಅಂಚಿನ ಟಿಪ್ಪಣಿಗಳ ಮೇಲೆಯೇ ಹೋಯಿತು. ಫಲಿತಾಂಶ ತಿಳಿದ ಮೇಲೆ ‘ಇದು ಮೊದಲೇ ಕಾಣುತ್ತಿತ್ತು’ ಎಂದು ಅನಿಸುವುದು ಮನಸ್ಸಿನ ಸಹಜ ದೋಷ. ಮನಶ್ಶಾಸ್ತ್ರಜ್ಞ ಬರೂಕ್ ಫಿಷ್‌ಹಾಫ್ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಹಿಂದಿನ ಯುದ್ಧವೊಂದರ ವಿವರ ಕೊಟ್ಟು ಅದು ಹೇಗೆ ಮುಗಿಯಿತೆಂದು ತಿಳಿಸಲಾಗಿತ್ತು. ಆ ಫಲಿತಾಂಶ ಗೊತ್ತಿಲ್ಲದವರಂತೆ ಉತ್ತರಿಸಿ ಎಂದು ಕೇಳಿಕೊಂಡಾಗಲೂ, ತಮಗೆ ಹೇಳಿದ ಫಲಿತಾಂಶವೇ ಹೆಚ್ಚು ಸಂಭವನೀಯವಾಗಿತ್ತು ಎಂದು ಅವರು ಅಂದಾಜಿಸಿದರು. ಶ್ರೀಮತಿ ಕ ಪ್ರತಿ ರಾತ್ರಿ ಮಾಡುತ್ತಿದ್ದುದೂ ಇದನ್ನೇ. ಇಂದಿನ ತಿಳಿವಳಿಕೆಯನ್ನು ಅಂದಿನ ತಮ್ಮ ತಲೆಯೊಳಗೆ ಇಟ್ಟು, ಆಮೇಲೆ ಅಂದಿನ ತಮ್ಮನ್ನು ತಪ್ಪಿತಸ್ಥೆ ಎಂದು ಘೋಷಿಸುತ್ತಿದ್ದರು.

‘ಮರೆತುಬಿಡಿ’ ಎಂದು ನಾನು ಹೇಳಲಿಲ್ಲ. ಪುಸ್ತಕವನ್ನು ತೆರೆಯಬಹುದು, ಆದರೆ ಹಗಲಿನಲ್ಲಿ, ಮೇಜಿನ ಮುಂದೆ ಕೂತು, ಅರ್ಧ ಗಂಟೆ ಮಾತ್ರ ಎಂದು ಒಪ್ಪಂದ ಮಾಡಿಕೊಂಡೆವು. ಪ್ರತಿಯೊಂದು ನಿರ್ಧಾರದ ಎದುರಿಗೆ, ಅದನ್ನು ತೆಗೆದುಕೊಂಡ ದಿನ ತಮ್ಮ ಕೈಯಲ್ಲಿದ್ದ ಮಾಹಿತಿ ಯಾವುದು, ಆಗ ಯಾರನ್ನು ಕೇಳಿದ್ದರು, ಯಾವ ಕಾಗದ ನೋಡಿದ್ದರು ಎಂಬುದನ್ನಷ್ಟೇ ಬರೆಯಬೇಕಿತ್ತು. ಆರ್ಡರ್ ಒಪ್ಪಿಕೊಂಡ ದಿನದ ಪುಟಕ್ಕೆ ಬಂದಾಗ, ಆ ಗ್ರಾಹಕರು ಅಲ್ಲಿಯವರೆಗಿನ ಎಲ್ಲ ಬಿಲ್ಲುಗಳನ್ನೂ ಸಮಯಕ್ಕೆ ಸರಿಯಾಗಿ ಪಾವತಿಸಿದ್ದರು ಎಂಬುದು ಅವರ ಅಕ್ಷರದಲ್ಲೇ ಕಂಡಿತು. ಅಂದು ಒಪ್ಪಿಕೊಂಡದ್ದು ಅವಿವೇಕವಾಗಿರಲಿಲ್ಲ. ಆದರೆ ಅದೇ ಅಭ್ಯಾಸದಿಂದ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು: ಎರಡು ಕಂತುಗಳು ತಪ್ಪಿದ ಮೇಲೂ, ಮುಂಗಡವಿಲ್ಲದೆ, ಘಟಕದ ಎಲ್ಲ ಯಂತ್ರಗಳನ್ನೂ ಆ ಒಬ್ಬರ ಕೆಲಸಕ್ಕೇ ಬಿಟ್ಟದ್ದು ನಿಜವಾದ ತಪ್ಪು. ಅದನ್ನು ವಿಧಿಯ ಮೇಲೆ ಹಾಕಿ ಸಮಾಧಾನಪಡಿಸುವುದು ನನಗೆ ಸುಲಭವಿತ್ತು, ಆದರೆ ಅದು ಅವರಿಗೆ ಮಾಡುವ ಅನ್ಯಾಯವೆಂದು ನಾನು ನಂಬುತ್ತೇನೆ. ಸಾಲುಸಾಲು ಅಪರಾಧಗಳೆಂದು ಅನಿಸಿದ್ದು, ತಿದ್ದಿಕೊಳ್ಳಬಹುದಾದ ಒಂದೆರಡು ತಪ್ಪುಗಳಿಗೆ ಇಳಿದಾಗ ಅವರ ಮುಖ ಮೊದಲ ಬಾರಿಗೆ ಹಗುರವಾಯಿತು.

ನಿದ್ದೆಯ ಬಗ್ಗೆ ಹೇಳಿದ್ದು ಕಡಿಮೆ. ಹಾಸಿಗೆ ನಿದ್ದೆಗೆ ಮಾತ್ರ. ಬಾರದಿದ್ದರೆ ಎದ್ದು ಬೇರೆಡೆ ಕೂತು, ಕಣ್ಣೆಳೆದಾಗ ಮರಳುವುದು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು.

ಹಗಲಿನ ವಿಷಯಕ್ಕೆ ಹೆಚ್ಚು ಗಮನ ಬೇಕಾಯಿತು. ಆಸ್ಟ್ರಿಯಾದ ಮಾರಿಯೆಂಥಾಲ್ ಎಂಬ ಊರಿನ ಬಟ್ಟೆ ಗಿರಣಿ 1930ರ ಸುಮಾರಿಗೆ ಮುಚ್ಚಿದಾಗ ಸಮಾಜ ಮನಶ್ಶಾಸ್ತ್ರಜ್ಞೆ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ನಿರುದ್ಯೋಗಿಗಳನ್ನು ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಬಿಡುವು ಹೆಚ್ಚಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು, ಗಂಡಸರ ನಡಿಗೆಯೂ ನಿಧಾನವಾಗಿತ್ತು. ಕೆಲಸ ಹೋದಾಗ ಸಂಬಳದ ಜೊತೆಗೆ ದಿನದ ಕಟ್ಟೂ, ನಾಲ್ಕು ಜನರ ಒಡನಾಟವೂ ಹೋಗುತ್ತವೆ. ಹಾಗಾಗಿ ದೊಡ್ಡ ಗುರಿಗೆ ಮೊದಲು ದಿನಕ್ಕೊಂದು ಆಕಾರ ಬೇಕು ಎಂದು ಹೇಳಿ, ವಾರದಲ್ಲಿ ಕೆಲವು ದಿನ ಮನೆಯ ಹೊರಗೆ, ಬೇರೆಯವರ ನಡುವೆ, ತಮ್ಮ ಕೈಗೆ ಬರುವ ಕೆಲಸವೊಂದನ್ನು ಹುಡುಕಲು ಸಲಹೆ ನೀಡಿದೆ. ಮನಸ್ಸು ಬಂದ ಮೇಲೆ ಹೋಗುತ್ತೇನೆ ಎಂದರು. ಹೋಗುವುದೇ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ ಎಂದೆ. ಪರಿಚಿತರೊಬ್ಬರ ಘಟಕದಲ್ಲಿ ಬಟ್ಟೆ ಕತ್ತರಿಸುವ ವಿಭಾಗಕ್ಕೆ ಅರ್ಧ ದಿನ ಹೋಗತೊಡಗಿದರು. ಒಡತಿಯಾಗಿದ್ದವಳು ಕೂಲಿಗೆ ಬಂದಳು ಎನ್ನುತ್ತಾರೇನೋ ಎಂಬ ಸಂಕೋಚ ಕೆಲವು ವಾರ ಇತ್ತು. ಕೈ ಕೆಲಸಕ್ಕೆ ಹತ್ತಿದಂತೆ ಅದು ಸಡಿಲಗೊಂಡಿತು.

ಸಾಲ ಕೊಟ್ಟವರ ಫೋನು ಎತ್ತದಿರುವುದು ಶ್ರೀಮತಿ ಕ ಅವರ ಭಯವನ್ನು ದಿನೇದಿನೇ ಬೆಳೆಸುತ್ತಿತ್ತು. ತೀರಿಸುವ ಕ್ರಮವನ್ನು ಲೆಕ್ಕಪರಿಶೋಧಕರ ಜೊತೆ ಕೂತು ಗೊತ್ತುಮಾಡಿಕೊಳ್ಳಲು ಹೇಳಿ, ಫೋನಿನಲ್ಲಿ ಆಡಬೇಕಾದ ಮಾತನ್ನು ಇಬ್ಬರೂ ಸೇರಿ ಬರೆದೆವು: “ಕೊಡಬೇಕಾದ ಬಾಕಿ ನೆನಪಿದೆ. ಇಂತಿಷ್ಟನ್ನು ಈ ತಿಂಗಳು ಕೊಡಬಲ್ಲೆ, ಉಳಿದದ್ದರ ಬಗ್ಗೆ ಮುಂದಿನ ತಿಂಗಳು ನಾನೇ ಫೋನು ಮಾಡುತ್ತೇನೆ.” ಮೊದಲ ಕರೆಯನ್ನು ನನ್ನ ಎದುರಿಗೇ ಕೂತು ಮಾಡಿದರು. ಚೀಟಿ ಹಿಡಿದ ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ.

ಅಣ್ಣನಿಗೂ ಸಲಹೆ ಬೇಕಿತ್ತು. ‘ಮುಂದೇನು ಯೋಚನೆ ಮಾಡಿದೆ?’ ಎಂದು ದಿನವೂ ಕೇಳುವುದನ್ನು ನಿಲ್ಲಿಸಿ, ಜೊತೆಗೆ ಊಟಕ್ಕೆ ಕೂತು ಬೇರೆ ಮಾತಾಡಿ ಎಂದು ತಿಳಿಸಿದೆ. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಆದರೆ ಆ ಪ್ರಶ್ನೆ ತಂಗಿಗೆ ತಗಾದೆಯಂತೆ ಕೇಳಿಸುತ್ತಿತ್ತು.

ಸದ್ಯಕ್ಕೆ ನಿದ್ದೆ ಬಹುಮಟ್ಟಿಗೆ ಮರಳಿದೆ. ಈಚಿನ ಭೇಟಿಯಲ್ಲಿ, ಒಂದೆರಡು ಯಂತ್ರಗಳಿಂದ ತಮ್ಮದೇ ಕೆಲಸ ಶುರು ಮಾಡಬಹುದೇ ಎಂದು ಅವರೇ ಕೇಳಿದರು. ಸೋತಿಲ್ಲ ಎಂದು ತೋರಿಸಲಿಕ್ಕಾಗಿ ಶುರು ಮಾಡುವುದಾದರೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸ ಬೇಕೆಂಬ ಕಾರಣಕ್ಕಾದರೆ, ಮುಂಗಡ ಎಷ್ಟು ಪಡೆಯಬೇಕು, ಒಬ್ಬ ಗ್ರಾಹಕರಿಗೆ ದುಡಿಮೆಯ ಎಷ್ಟು ಪಾಲು ಮೀಸಲು, ಎಷ್ಟು ಕಂತು ತಪ್ಪಿದರೆ ಯಂತ್ರ ನಿಲ್ಲಿಸಬೇಕು ಎಂಬ ಷರತ್ತುಗಳನ್ನು ಮೊದಲೇ ಬರೆದು ಲೆಕ್ಕಪರಿಶೋಧಕರಿಗೆ ತೋರಿಸಲು ಹೇಳಿದ್ದೇನೆ. ಹಳೆಯ ಸಾಲದ ಕಂತುಗಳು ತಪ್ಪದೆ ನಡೆಯುತ್ತಿವೆಯೇ ಎಂದು ನೋಡಿ, ಮೂರು ತಿಂಗಳ ನಂತರ ಮತ್ತೆ ಕೂತು ನಿರ್ಧರಿಸುವುದೆಂದು ಒಪ್ಪಿಕೊಂಡಿದ್ದೇವೆ.